ಜೋಡು ಕದಿಯೋದು ಯಾವಾಗ? ಫ್ಯಾಮಿಲಿ ಗ್ರೂಪಿನ ಜಗಳ

ಸುಮಾ ಚಿಕ್ಕಮ್ಮ: (ವಿಡಿಯೊ) 'ಹಮ್ ಆಪ್ಕೆ ಹೈ ಕೌನ್' ಮದುವೆ ಹಾಡು, 'ದೀದಿ ತೇರಾ ದೇವರ್ ದೀವಾನಾ'. ಅನು ಮದುವೇಲಿ ಹುಡುಗೀರೆಲ್ಲ ಇದಕ್ಕೇ ಕುಣೀಬೇಕು. ವರನ ಜೋಡೂ ಕದ್ದು, ವಾಪಸ್ ಕೊಡೋಕೆ ದುಡ್ಡು ಕೇಳಬೇಕು 😄

ಪ್ರಸಾದಣ್ಣ: ಚಿಕ್ಕಮ್ಮ, ಅದು ಮದುವೆ ಹಾಡಲ್ಲ, ಸೀಮಂತದ್ದು. ಅಕ್ಕನ ಪಾತ್ರದ ರೇಣುಕಾ ಶಹಾಣೆ ಅಲ್ಲಿ ಬಸುರಿ. ಮದುವೆ ಮನೇಲಿ ಬರೋದು 'ಜೂತೇ ದೋ, ಪೈಸೇ ಲೋ'. ಎರಡಕ್ಕೂ ಲತಾ ಜೊತೆ ನಮ್ಮ ಎಸ್‌ಪಿಬಿ.

ದೊಡ್ಡಪ್ಪ: 14 ಹಾಡು, ಮೂರು ಗಂಟೆ ಮೇಲೆ. ಕಥೆ ಎಲ್ಲಿದೆಯಪ್ಪ? ಬರೀ ಮದುವೆ ಕ್ಯಾಸೆಟ್ಟು.

ಪ್ರಸಾದಣ್ಣ: ಇದೆ ದೊಡ್ಡಪ್ಪ. ಇದೇ ರಾಜಶ್ರೀ ಸಂಸ್ಥೆಯವರ 1982ರ ಸಿನಿಮಾ 'ನದಿಯಾ ಕೆ ಪಾರ್'. ಆ ಹಳ್ಳಿ ಕಥೇನ ಸೂರಜ್ ಬರ್ಜಾತ್ಯಾ 1994ರಲ್ಲಿ ಬಂಗಲೆಗೆ ತಂದ್ರು. ಮುಂದೆ ಅಕ್ಕ ಮೆಟ್ಟಿಲಿಂದ ಬಿದ್ದು ಹೋಗ್ತಾಳಲ್ಲ, ಮೊದಲರ್ಧದ ಸಂಭ್ರಮ ಕತ್ತರಿಸಿದ್ರೆ ಆ ಸಾವು ತಟ್ಟೋದೇ ಇಲ್ಲ.

ರಾಧತ್ತೆ: ಸಿನಿಮಾ ಇರಲಿ. ಜೋಡು ಕದಿಯೋದು ಯಾವಾಗ ಅಂತ? ಆ ಉತ್ತರದವರ ಕಡೆ ವರ ಜೋಡು ಮೆಟ್ಟಿಕೊಂಡೇ ಮಂಟಪದವರೆಗೂ ಬರ್ತಾನೆ. ನಮ್ಮಲ್ಲಿ ಕಾಶಿಯಾತ್ರೆಗೆ ಛತ್ರಿ, ಕೋಲು, ಚಪ್ಪಲಿ ಕೊಡೋದೇ ಹೆಣ್ಣಿನ ಮನೆಯವರು. ನಾವೇ ಕೊಟ್ಟ ಚಪ್ಪಲಿ ನಾವೇ ಕದ್ದು ನಾವೇ ದುಡ್ಡು ಕೇಳೋದಾ?

ಅನು: ಅಯ್ಯೋ ಅತ್ತೆ 😂

ಸುಮಾ ಚಿಕ್ಕಮ್ಮ: ತಮಾಷೆಗೆ ಅಷ್ಟೂ ಲೆಕ್ಕ ಬೇಕಾ ಅತ್ತಿಗೆ?

ರಾಧತ್ತೆ: ಬೇಕು. ಕದಿಯೋದಾದ್ರೆ ಕಾಶಿಯಾತ್ರೆಯಿಂದ ಕರ್ಕೊಂಡು ಬಂದು ಮಂಟಪದ ಕೆಳಗೆ ಚಪ್ಪಲಿ ಬಿಡಿಸ್ತಾರಲ್ಲ, ಆಗಲೇ. ಆಮೇಲೆ ಅಂತರಪಟ, ಜೀರಿಗೆ-ಬೆಲ್ಲ, ಮಾಂಗಲ್ಯ, ಯಾರಿಗೂ ಪುರುಸೊತ್ತಿಲ್ಲ. ಇನ್ನೊಂದು, ಕಾವಲಿಗೆ ಅನು ತಮ್ಮನ್ನ ನಿಲ್ಲಿಸಬೇಡಿ. ಲಾಜಾಹೋಮದಲ್ಲಿ ಅವಳ ಬೊಗಸೆಗೆ ಅರಳು ಹಾಕೋನು ಅವನೇ, ಅದೂ ಮೂರು ಸಲ. ಅವನು ಚಪ್ಪಲಿ ಹಿಡ್ಕೊಂಡು ಊಟದ ಹಾಲಲ್ಲಿ ಅಡಗಿದ್ರೆ ಪುರೋಹಿತರು ಮೈಕಲ್ಲಿ ಕೂಗ್ತಾ ಕೂತಿರ್ತಾರೆ.

ದೊಡ್ಡಪ್ಪ: ನಾಳೆ ದಿಬ್ಬಣಕ್ಕೆ ಡಿಜೆ ಅಂತೀರಿ.

ಪ್ರಸಾದಣ್ಣ: ಡಿಜೆನೇ ತೊಂದರೆ. ಸಿನಿಮಾದಲ್ಲಿ ಶಾಸ್ತ್ರದ ಮೇಲೇ ಹಾಡು ಓಡುತ್ತೆ, ಮಂತ್ರ ಕೇಳಿಸಲ್ಲ, ಎಡಿಟರ್ ಎಲ್ಲಿ ಬೇಕೋ ಅಲ್ಲಿ ಕತ್ತರಿಸ್ತಾನೆ. ಛತ್ರದಲ್ಲಿ ಹಾಗಾಗಲ್ಲ. ಸೌಂಡಿನವನು ಮುಹೂರ್ತಕ್ಕೆ ಪೆನ್‌ಡ್ರೈವ್ ಒತ್ತಿದ್ರೆ ಪುರೋಹಿತರು ಕೈ ಎತ್ತಿದ್ದು ವಾಲಗದವರಿಗೆ ಕಾಣುತ್ತೆ, ಗಟ್ಟಿಮೇಳನೂ ಬಾರಿಸ್ತಾರೆ, ಹಿಂದೆ ಕೂತೋರಿಗೆ ಮಾತ್ರ ಕೇಳಿಸಲ್ಲ. ಅಕ್ಷತೆ ಯಾವಾಗ ಹಾಕಬೇಕು ಅಂತ ಗೊತ್ತಾಗದೆ ಅರ್ಧ ಜನ ಮುಷ್ಟಿ ಹಿಡ್ಕೊಂಡೇ ನಿಂತಿರ್ತಾರೆ.

ಸುಮಾ ಚಿಕ್ಕಮ್ಮ: ಹಂಗಾದ್ರೆ ಹಿಂದಿನ ಸಂಜೆ ಇಟ್ಟುಕೊಳ್ಳೋಣ. ವರಪೂಜೆ ಮುಗಿದು ಊಟಕ್ಕೆ ಎಲೆ ಹಾಕೋ ಹೊತ್ತಿಗೆ ಎರಡು ಹಾಡು.

ರಾಧತ್ತೆ: ಅದು ಸರಿ. ಸೀಮಂತದ ಹಾಡು ಬೇಡ, ಬೀಗರ ಕಡೆಯವರು ಗಾಬರಿಯಾಗ್ತಾರೆ 😀

ದೊಡ್ಡಪ್ಪ: ದುಡ್ಡಿನ ವಿಷಯ ಬೀಗರಿಗೆ ಮೊದಲೇ ಹೇಳಿ. ಇಲ್ಲಾಂದ್ರೆ ಹುಡುಗರು ಐದು ಸಾವಿರ ಅಂತ ಕೂತು, ಅವರ ಅಜ್ಜ ಬರಿಗಾಲಲ್ಲೇ ಮೊಮ್ಮಗನ್ನ ಪಂಕ್ತಿಗೆ ಎಬ್ಬಿಸಿಕೊಂಡು ಹೋಗ್ತಾರೆ. ಊಟಕ್ಕೆ ಚಪ್ಪಲಿ ಯಾಕೆ ಬೇಕು?

ಅನು: ದೊಡ್ಡಪ್ಪ ಪಕ್ಕಾ ಗಂಡಿನ ಕಡೆ 😤