ಮೊದಲ ವರ್ಷದ ಐಚ್ಛಿಕ ವಿಷಯ: ಅಂಕ ನೋಡಬೇಕೇ, ಆಸಕ್ತಿ ನೋಡಬೇಕೇ?

ಪ್ರಶ್ನೆ

ನಾನು ಈ ವರ್ಷ ಜೀವವಿಜ್ಞಾನ ಪದವಿಗೆ ಸೇರಿದ್ದೇನೆ. ಕಡ್ಡಾಯ ವಿಷಯಗಳು ಮೊದಲೇ ನಿಗದಿಯಾಗಿರುವುದರಿಂದ ಅವುಗಳ ಬಗ್ಗೆ ಯೋಚಿಸುವ ಪ್ರಮೇಯವಿಲ್ಲ. ಆದರೆ ಎರಡು ಐಚ್ಛಿಕ ವಿಷಯಗಳನ್ನು ನಾನೇ ಆರಿಸಿಕೊಳ್ಳಬೇಕಾಗಿದ್ದು, ಪಟ್ಟಿಯನ್ನು ಎಷ್ಟು ಬಾರಿ ಓದಿದರೂ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಸದ್ಯಕ್ಕೆ ಸಂಖ್ಯಾಶಾಸ್ತ್ರ, ತತ್ತ್ವಶಾಸ್ತ್ರ, ಖಗೋಳವಿಜ್ಞಾನ ಮತ್ತು ಒಂದು ಹೊಸ ಭಾಷೆ, ಈ ನಾಲ್ಕರಲ್ಲಿ ಎರಡು ಎಂಬಲ್ಲಿಗೆ ಬಂದು ನಿಂತಿದ್ದೇನೆ. ಖಗೋಳವಿಜ್ಞಾನ ಸ್ಕೋರಿಂಗ್ ವಿಷಯವೆಂದೂ ಸಂಖ್ಯಾಶಾಸ್ತ್ರ ತೆಗೆದುಕೊಂಡರೆ ಸರಾಸರಿ ಕುಸಿಯುವುದೆಂದೂ ಹಿರಿಯ ವಿದ್ಯಾರ್ಥಿಗಳು ಹೇಳುತ್ತಾರೆ. ತತ್ತ್ವಶಾಸ್ತ್ರದಲ್ಲಿ ನನಗೆ ನಿಜವಾದ ಆಸಕ್ತಿಯಿದೆ, ಆದರೆ ದೀರ್ಘ ಪ್ರಬಂಧ ಬರೆದು ಅಭ್ಯಾಸವಿಲ್ಲ. ಯಾವುದನ್ನು ಮುಂದಿಟ್ಟುಕೊಂಡು ಆರಿಸಬೇಕೆಂದು ತಿಳಿದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ವಿಷಯಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ ಓದಿ. ಅಂದರೆ, ಅಂತಿಮ ವರ್ಷದಲ್ಲಿ ನಿಮಗೆ ಓದಬೇಕೆನಿಸುವ ವಿಷಯಗಳನ್ನು ಮೊದಲು ಗುರುತಿಸಿ, ಅವುಗಳಿಗೆ ಸೇರಲು ಅದಕ್ಕೂ ಮುಂಚೆ ಯಾವುದನ್ನು ಮುಗಿಸಿರಬೇಕು ಎಂಬ ಸಾಲನ್ನು ಹುಡುಕಿ. ನಾನು ಆ ಸಾಲನ್ನು ಓದದೆ ಕೆಟ್ಟೆ. ಗಣಿತವೆಂದರೆ ಅಳುಕಿದ್ದುದರಿಂದ ಸಂಖ್ಯಾಶಾಸ್ತ್ರವನ್ನು ಮೂರನೆಯ ವರ್ಷಕ್ಕೆ ತಳ್ಳಿದ್ದೆ. ಪರಿಸರ ವಿಜ್ಞಾನದ ಕ್ಷೇತ್ರಾಧ್ಯಯನಕ್ಕೆ ಹೆಸರು ಕೊಡಲು ಹೋದಾಗ ಅದನ್ನು ಮುಗಿಸಿದವರಿಗೆ ಮಾತ್ರ ಪ್ರವೇಶವೆಂದು ಗೊತ್ತಾಯಿತು. ಆ ಅಧ್ಯಯನ ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತಿದ್ದುದರಿಂದ ಅವಕಾಶ ಕೈತಪ್ಪಿಯೇ ಹೋಯಿತು.

ಜೀವವಿಜ್ಞಾನದವರಿಗಂತೂ ಸಂಖ್ಯಾಶಾಸ್ತ್ರ ಬೇಕೇ ಬೇಕು. ಗೊಬ್ಬರ ಹಾಕಿದ ಹತ್ತು ಸಸಿಗಳ ಸರಾಸರಿ ಎತ್ತರ ಹಾಕದ ಹತ್ತು ಸಸಿಗಳಿಗಿಂತ ಎರಡು ಸೆಂಟಿಮೀಟರ್ ಹೆಚ್ಚಿದ್ದರೆ, ಅದು ಗೊಬ್ಬರದ ಗುಣವೋ ಸಸಿ ಸಸಿಗೂ ಸಹಜವಾಗಿ ಇರುವ ವ್ಯತ್ಯಾಸವೋ? ಮೊದಲ ಪ್ರಯೋಗದ ವರದಿಯಲ್ಲೇ ಈ ಪ್ರಶ್ನೆ ಎದುರಾಗುತ್ತದೆ.

ಎರಡನೆಯ ಉತ್ತರ

ನಾನು ಪಾಠ ಹೇಳುವವನು. ‘ಸ್ಕೋರಿಂಗ್’ ಎಂಬ ಮಾತನ್ನು ಪ್ರತಿ ವರ್ಷವೂ ಕೇಳುತ್ತೇನೆ, ಮತ್ತು ಅದು ಬಹುಮಟ್ಟಿಗೆ ಹಿಂದಿನ ವರ್ಷ ಯಾರು ಪಾಠ ಮಾಡಿದರು, ಯಾರು ಪ್ರಶ್ನೆಪತ್ರಿಕೆ ತೆಗೆದರು ಎಂಬುದನ್ನೇ ಅವಲಂಬಿಸಿರುತ್ತದೆ. ಖಗೋಳವಿಜ್ಞಾನವನ್ನೇ ನೋಡಿ. ನಕ್ಷತ್ರಗಳ ಕಾಂತಿಮಾನದ ಅಳತೆ ಲಾಗರಿದಮ್ ಮೇಲೆ ನಿಂತಿದೆ. ಐದು ಮಾನಗಳ ಅಂತರವೆಂದರೆ ಪ್ರಕಾಶದಲ್ಲಿ ನೂರು ಪಟ್ಟು ವ್ಯತ್ಯಾಸ. ಒಬ್ಬ ಅಧ್ಯಾಪಕರು ಇದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಬಹುದು, ಇನ್ನೊಬ್ಬರು ಎರಡು ವಾರ ಲೆಕ್ಕ ಮಾಡಿಸಬಹುದು. ಗಣಿತಕ್ಕೆ ಹೆದರಿ ಸಂಖ್ಯಾಶಾಸ್ತ್ರವನ್ನು ಬಿಟ್ಟವರು ಇಲ್ಲಿ ಮತ್ತೆ ಅದೇ ಗಣಿತದ ಕೈಗೆ ಸಿಕ್ಕಿಬೀಳುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಹೆಸರನ್ನಲ್ಲ, ಈ ಸೆಮಿಸ್ಟರಿನ ಪಠ್ಯಕ್ರಮವನ್ನು ಓದಿ.

ಕ್ರೆಡಿಟ್‌ಗಳನ್ನೂ ಗಂಟೆಗಳಾಗಿ ಬದಲಿಸಿ ನೋಡಿ. ಯುರೋಪಿನ ಪದ್ಧತಿಯಲ್ಲಿ ಪೂರ್ಣಾವಧಿಯ ಒಂದು ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್‌ಗೆ ಸಾಮಾನ್ಯವಾಗಿ 25ರಿಂದ 30 ಗಂಟೆಗಳ ಕೆಲಸ. ಐದು ಕ್ರೆಡಿಟ್‌ನ ವಿಷಯವೆಂದರೆ ತರಗತಿ, ಓದು, ಪರೀಕ್ಷೆಯ ತಯಾರಿ ಎಲ್ಲ ಸೇರಿ 125ರಿಂದ 150 ಗಂಟೆ. ನಿಮ್ಮಲ್ಲಿನ ಲೆಕ್ಕ ಬೇರೆಯಿದ್ದರೂ ತರಗತಿಯ ಹೊರಗಿನ ಕೆಲಸ ಅದರಲ್ಲಿ ಸೇರಿದೆಯೇ ಎಂದು ಕೇಳಿ ತಿಳಿಯುವುದು ಒಳ್ಳೆಯದು. ಭಾಷೆಯ ವಿಷಯದಲ್ಲಿ ಈ ಗಂಟೆಗಳು ದಿನವೂ ಸ್ವಲ್ಪಸ್ವಲ್ಪವಾಗಿ ಹಂಚಿಹೋಗಬೇಕು. ಪರೀಕ್ಷೆಯ ಹಿಂದಿನ ವಾರ ಕುಳಿತು ಒಂದು ಭಾಷೆಯನ್ನು ಕಲಿಯಲಾಗದು.

ಒಂದು ಹಳೆಯ ಸಂಗತಿ ನೆನಪಾಯಿತು. 1869ರಿಂದ 1909ರವರೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಕಡ್ಡಾಯ ವಿಷಯಗಳನ್ನು ಬಹುಪಾಲು ತೆಗೆದು ಆಯ್ಕೆಯನ್ನು ವಿದ್ಯಾರ್ಥಿಗಳಿಗೇ ಬಿಟ್ಟರು. ಸುಲಭದ ವಿಷಯಗಳನ್ನೇ ಹೆಕ್ಕಿಕೊಳ್ಳುತ್ತಾರೆಂಬ ದೂರು ಆಗಲೇ ಎದ್ದಿತ್ತು.

ಮೂರನೆಯ ಉತ್ತರ

ನಾನು ಎರಡನೆಯ ವರ್ಷದಲ್ಲಿದ್ದೇನೆ. ಮೇಲಿನವರ ಮಾತು ಸರಿ, ಆದರೆ ಇಬ್ಬರೂ ಆಸಕ್ತಿಗೆ ಸಿಗಬೇಕಾದ ತೂಕವನ್ನು ಕೊಟ್ಟಿಲ್ಲ. ಪ್ರಬಂಧ ಬರೆದು ಅಭ್ಯಾಸವಿಲ್ಲವೆಂಬುದು ತತ್ತ್ವಶಾಸ್ತ್ರವನ್ನು ಬಿಡಲು ಕಾರಣವಲ್ಲ, ಸೇರಲು ಕಾರಣ. ಮೊದಲ ವರ್ಷದಲ್ಲಿ ತಪ್ಪಾಗಿ ಬರೆದರೆ ತಿದ್ದುವವರಿರುತ್ತಾರೆ.

ಹೆಸರು ಕೊಡುವ ಮುನ್ನ ಒಂದು ಹಾಳೆಯಲ್ಲಿ ವಾರಕ್ಕೊಂದು ಗೆರೆ ಎಳೆದು, ಎಲ್ಲ ವಿಷಯಗಳ ಕಿರುಪರೀಕ್ಷೆ ಮತ್ತು ಅಸೈನ್‌ಮೆಂಟ್‌ಗಳ ಕೊನೆಯ ದಿನಗಳನ್ನು ಅದರಲ್ಲಿ ಗುರುತಿಸಿ. ನನ್ನ ಹಾಳೆಯಲ್ಲಿ ಏಳನೆಯ ವಾರವೊಂದರಲ್ಲೇ ನಾಲ್ಕು ಗುರುತುಗಳು ಬಿದ್ದಿದ್ದವು. ಅದನ್ನು ನೋಡಿಯೇ ಒಂದು ವಿಷಯವನ್ನು ಮುಂದಿನ ಸೆಮಿಸ್ಟರಿಗೆ ಬಿಟ್ಟೆ. ವಿಷಯ ಬದಲಿಸಿಕೊಳ್ಳಲು ಕೊನೆಯ ದಿನ ಯಾವುದೆಂದೂ ಅದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಹಿಂದಿನಿಂದ ಓದಿದಾಗ ನನಗೆ ಬೇಕೆನಿಸಿದ ತಳಿವಿಜ್ಞಾನದ ಮುಂದಿನ ಹಂತಕ್ಕೂ ಸಂಖ್ಯಾಶಾಸ್ತ್ರ ಕಡ್ಡಾಯವೆಂದು ತಿಳಿಯಿತು. ಅದಕ್ಕೆ ಹೆಸರು ಕೊಟ್ಟಿದ್ದೇನೆ. ಎರಡನೆಯದು ತತ್ತ್ವಶಾಸ್ತ್ರ. ಅದರ ಮೊದಲ ಪ್ರಬಂಧವೂ ಪ್ರಯೋಗಾಲಯದ ವರದಿಯೂ ಐದನೆಯ ವಾರದಲ್ಲೇ ಬೀಳುತ್ತವೆಯೆಂದು ಹಾಳೆ ತೋರಿಸುತ್ತಿದೆ, ಹಾಗಾಗಿ ಪ್ರಬಂಧವನ್ನು ಮೂರನೆಯ ವಾರದಲ್ಲೇ ಆರಂಭಿಸುತ್ತೇನೆ. ಭಾಷೆಯನ್ನು ಈ ವರ್ಷ ಕೈಬಿಟ್ಟಿದ್ದೇನೆ.