ಪದಚರ್ಚೆ: ‘ಇಂಟರ್ನಲ್ ಬ್ರಾ’, ಮೆಶ್, ಎಡಿಎಂ – ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ:

ಸ್ತನದ ಸೌಂದರ್ಯ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇವೆ. ಮೂಲದಲ್ಲಿ ‘ಇಂಟರ್ನಲ್ ಬ್ರಾ’, ‘ಮೆಶ್’, ‘ಸ್ಕ್ಯಾಫೋಲ್ಡ್’, ‘ಎಡಿಎಂ’ ಎಂಬ ಪದಗಳು ಒಂದರ ಬದಲು ಇನ್ನೊಂದರಂತೆ ಬಂದಿವೆ. ನಾಲ್ಕಕ್ಕೂ ‘ಒಳ ಆಧಾರ’ ಎಂದರೆ ಸಾಕೆ? ‘ಕರಗುವ’ ಎಂಬ ವಿಶೇಷಣ ಯಾವುದಕ್ಕೆ ಸಲ್ಲುತ್ತದೆ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ:

ಮಾನ್ಯರೆ,

ಒಂದೇ ಪದ ಸಾಲದು. ಓದುವವರಿಗೆ ಮುಖ್ಯವಾಗಿ ಬೇಕಾದುದು ಎರಡು ಸಂಗತಿ: ಒಳಗೆ ಇಡುವ ವಸ್ತು ಎಲ್ಲಿಂದ ಬಂದದ್ದು, ಕೊನೆಗೆ ಅದು ಏನಾಗುತ್ತದೆ. ಇವನ್ನು ಮರೆಮಾಡುವ ಅನುವಾದ ಒಪ್ಪಿಗೆ ಪತ್ರದಲ್ಲಿ ಇರಲೇಬಾರದು.

‘ಇಂಟರ್ನಲ್ ಬ್ರಾ’ ಎನ್ನುವುದು ಮಾಡುವ ಕೆಲಸಕ್ಕೆ ಇಟ್ಟ ಹೆಸರು. ಇಂಪ್ಲಾಂಟಿನ (ಸ್ತನದೊಳಗೆ ಇಡುವ ಕೃತಕ ಚೀಲದ) ಅಥವಾ ಎತ್ತಿ ಕಟ್ಟಿದ ಸ್ತನದ ಭಾರವೆಲ್ಲ ಚರ್ಮದ ಮೇಲೆಯೇ ಬೀಳದಂತೆ ಒಳಗಿನಿಂದ ತಡೆಯುವ ಯಾವ ವಿಧಾನವನ್ನೂ ಹಾಗೆ ಕರೆಯುತ್ತಾರೆ. ಇಂಪ್ಲಾಂಟಿನ ಸುತ್ತ ದೇಹವೇ ಕಟ್ಟಿಕೊಂಡ ಕವಚವನ್ನು ಬರಿಯ ಹೊಲಿಗೆಯಿಂದ ಬಿಗಿ ಮಾಡಿದರೂ ಅದೇ ಹೆಸರು. ಮೇಲ್ಪದರ ತೆಗೆದು ಉಳಿಸಿಕೊಂಡ ಸ್ವಂತ ಒಳಚರ್ಮವನ್ನು ಕೆಳಭಾಗಕ್ಕೆ ಆಧಾರವಾಗಿ ಹೊಲಿದರೂ ಅದೇ ಹೆಸರು. ಈ ಎರಡರಲ್ಲೂ ಹೊಲಿಗೆ ದಾರದ ಹೊರತು ಹೊರಗಿನ ವಸ್ತುವೇ ಇಲ್ಲ. ಹಾಗಾಗಿ ‘ಒಳ ಆಧಾರ’ ಎಂಬುದನ್ನು ತಲೆಬರಹಕ್ಕೆ ಇಟ್ಟುಕೊಳ್ಳಿ. ಯಾವುದರಿಂದ ಮಾಡಿದ್ದು ಎಂಬುದನ್ನು ಮರುವಾಕ್ಯದಲ್ಲೇ ಹೇಳಿ.

ಮೆಶ್ ಎಂದರೆ ದಾರದಿಂದ ಹೆಣೆದದ್ದು. ‘ಜಾಲರಿ’ ಒಪ್ಪುತ್ತದೆ, ಹರ್ನಿಯಾ ಶಸ್ತ್ರಚಿಕಿತ್ಸೆಯಲ್ಲಿ ಬಳಸುವುದರಿಂದ ‘ಮೆಶ್’ ಕೂಡ ಜನರ ಬಾಯಲ್ಲಿದೆ. ‘ಬಲೆ’ ಬೇಡ, ಸಿಕ್ಕಿಬೀಳುವ ಅರ್ಥ ಅದಕ್ಕೆ ಅಂಟಿಕೊಂಡಿದೆ.

ಎಡಿಎಂ, ಅಂದರೆ ಅಸೆಲ್ಯುಲರ್ ಡರ್ಮಲ್ ಮ್ಯಾಟ್ರಿಕ್ಸ್, ಜಾಲರಿಯಲ್ಲ. ದಾನಿಯ, ಹಂದಿಯ ಅಥವಾ ದನದ ಚರ್ಮದಿಂದ ಜೀವಕೋಶಗಳನ್ನೆಲ್ಲ ತೆಗೆದು ಕೊಲಾಜನ್ ಚೌಕಟ್ಟನ್ನಷ್ಟೇ ಉಳಿಸಿದ ಹಾಳೆ ಅದು. ‘ಅಕೋಶೀಯ ಚರ್ಮಮಾತೃಕೆ’ ಎಂದು ಬರೆದರೆ ಯಾರಿಗೂ ಅರ್ಥವಾಗದು. ‘ಜೀವಕೋಶ ತೆಗೆದ ಒಳಚರ್ಮ’ ಎನ್ನಿ, ಯಾವ ಮೂಲದ್ದೆಂದು ತಪ್ಪದೆ ಸೇರಿಸಿ. ನಂಬಿಕೆಯ ಕಾರಣಕ್ಕೆ ಹಂದಿಯದನ್ನೋ ದನದ್ದನ್ನೋ ಬೇಡವೆನ್ನುವವರಿಗೆ ಈ ಮಾತು ಮೊದಲೇ ತಿಳಿಯಬೇಕು.

ಶಸ್ತ್ರಚಿಕಿತ್ಸಾ ಕೊಠಡಿಯ ಸೂಚನೆಗಳನ್ನೂ ಅನುವಾದಿಸುವಿರಾದರೆ ಇನ್ನೊಂದು ಎಚ್ಚರಿಕೆ. ಕೆಲವು ಎಡಿಎಂ ಹಾಳೆಗಳ ಎರಡು ಮೈ ಬೇರೆಬೇರೆ. ಒಂದು ಬದಿಯಲ್ಲಿ ರಕ್ತ ನಿಲ್ಲದೆ ಜಾರಿಹೋಗುತ್ತದೆ, ಇನ್ನೊಂದು ಬದಿ ರಕ್ತ ಹೀರಿ ಕೆಂಪಾಗುತ್ತದೆ. ಹೀರುವ ಬದಿ ರಕ್ತನಾಳಗಳಿರುವ ಅಂಗಾಂಶಕ್ಕೆ ತಾಗಬೇಕು. ಇದನ್ನು ‘ಒಳಮೈ’ ಎಂದರೆ ಹಾಳೆಯ ಒಳಮೈಯೋ ದೇಹದ ಒಳಬದಿಯೋ ಎಂಬ ಗೊಂದಲ ತಪ್ಪದು. ‘ರಕ್ತ ಹೀರುವ ಮೈ’ ಎಂದರೆ ಕಣ್ಣಾರೆ ಪರೀಕ್ಷಿಸಿ ನೋಡಬಹುದು.

ಸ್ಕ್ಯಾಫೋಲ್ಡಿಗೆ ‘ಹಂದರ’ ನನಗೆ ತುಂಬ ಹಿಡಿಸಿದ ಪದ. ಬಳ್ಳಿ ಹಬ್ಬುವಂತೆ ದೇಹದ ಕೋಶಗಳೂ ಸಣ್ಣ ರಕ್ತನಾಳಗಳೂ ಅದರೊಳಕ್ಕೆ ಹಬ್ಬುತ್ತವೆ. ಜಾಲರಿ, ಎಡಿಎಂ ಎರಡಕ್ಕೂ ಸಲ್ಲುತ್ತದೆ.

ಇನ್ನು ‘ಕರಗುವ’. ಇಲ್ಲಿ ಎರಡು ಅವಧಿಗಳಿವೆ, ಬಲ ಉಳಿಯುವ ಅವಧಿ ಮತ್ತು ವಸ್ತು ದೇಹದಲ್ಲಿರುವ ಅವಧಿ. ಹೊಲಿಗೆ ದಾರಕ್ಕೂ ಜಾಲರಿಗೂ ಬಳಸುವ ಪಾಲಿಗ್ಲಾಕ್ಟಿನ್ 910 ಎಂಬ ಪಾಲಿಮರ್ ಸುಮಾರು ಒಂದು ತಿಂಗಳಲ್ಲೇ ಬಲ ಕಳೆದುಕೊಳ್ಳುತ್ತದೆ, ಪೂರ್ತಿ ಮಾಯವಾಗಲು 56ರಿಂದ 70 ದಿನ ಬೇಕು. ಪಿ4ಎಚ್‌ಬಿ ಎಂಬ ಇನ್ನೊಂದು ಪಾಲಿಮರಿನ ಜಾಲರಿ ಕರಗಲು 18ರಿಂದ 24 ತಿಂಗಳು. ಎರಡು ಬಗೆಯ ದಾರ ಬೆರೆಸಿ ಹೆಣೆದ ಜಾಲರಿಯೂ ಉಂಟು. ಅದರಲ್ಲಿ ಒಂದು ದಾರ ಸುಮಾರು 4 ತಿಂಗಳಲ್ಲಿ ಹೋದರೆ ಇನ್ನೊಂದು 3 ವರ್ಷದಷ್ಟು ಕಾಲ ಇರುತ್ತದೆ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಜಾಲರಿ ಕರಗುವುದೇ ಇಲ್ಲ. ಬರಿದೆ ‘ಕರಗುವ ಜಾಲರಿ’ ಎಂದರೆ ಓದುವವರು ಹೊಲಿಗೆಯಂತೆ ಕೆಲವು ವಾರಗಳ ಮಾತೆಂದುಕೊಳ್ಳುತ್ತಾರೆ, ಆದ್ದರಿಂದ ಎರಡೂ ಅವಧಿಗಳನ್ನು ಬರೆಯಿರಿ. ಎಡಿಎಂಗೆ ಈ ವಿಶೇಷಣ ಬೇಡ; ‘ಅಂಗಾಂಶದೊಡನೆ ಬೆಸೆದುಕೊಳ್ಳುವ’ ಎನ್ನುವುದು ಸರಿ.

ತೊಡಕುಗಳ ಪಟ್ಟಿಯಲ್ಲಿ ‘ಬಾಟಮಿಂಗ್ ಔಟ್’ ಅನ್ನು ‘ಜೋತುಬೀಳುವುದು’ ಎನ್ನಬೇಡಿ. ಜೋತುಬಿದ್ದಾಗ ಮೊಲೆತೊಟ್ಟೂ ಕೆಳಗಿಳಿಯುತ್ತದೆ. ಇಲ್ಲಿ ಇಂಪ್ಲಾಂಟ್ ಸ್ತನದ ಕೆಳಮಡಿಕೆಯನ್ನು ದಾಟಿ ಇಳಿದು, ತೊಟ್ಟಿಗೂ ಮಡಿಕೆಗೂ ನಡುವಣ ಅಂತರ ಹಿಗ್ಗಿ, ತೊಟ್ಟು ಮೇಲಕ್ಕೆ ನೋಡುವಂತೆ ಕಾಣುತ್ತದೆ. ‘ಇಂಪ್ಲಾಂಟ್ ಕೆಳಸರಿತ’ ಆಗಬಹುದು. ಸೆರೋಮಾಗೆ ‘ನೀರು ತುಂಬುವುದು’ ಸಾಕು. ಹಾಳೆ ಸುಕ್ಕಾಗಿ ಅಥವಾ ಸಡಿಲವಾಗಿ ಕೂತು ಅಂಗಾಂಶಕ್ಕೆ ಅಂಟದೆ ಹೋದರೆ ನಡುವಿನ ಜಾಗದಲ್ಲಿ ದ್ರವ ನಿಲ್ಲುತ್ತದೆ. ಅದಕ್ಕೇ ಡ್ರೈನ್ ಕೊಳವೆ ಇಟ್ಟಿದ್ದರೆ 24 ಗಂಟೆಯಲ್ಲಿ ಬರುವ ದ್ರವ ಸಾಮಾನ್ಯವಾಗಿ 30 ಮಿ.ಲೀ.ಗಿಂತ ಕೆಳಗಿಳಿಯುವವರೆಗೆ ತೆಗೆಯುವುದಿಲ್ಲ. ‘ರೆಡ್ ಬ್ರೆಸ್ಟ್ ಸಿಂಡ್ರೋಮ್’ ಎಂದರೆ ಎಡಿಎಂ ಇರುವ ಜಾಗದ ಮೇಲಿನ ಚರ್ಮ ಸೋಂಕಿಲ್ಲದೆಯೇ ಕೆಂಪಾಗುವುದು. ‘ಸೋಂಕಿಲ್ಲದ ಕೆಂಪು’ ಎಂದು ಬರೆದರೂ, ಕೆಂಪು ಕಂಡರೆ ವೈದ್ಯರಿಗೆ ತೋರಿಸಬೇಕೆಂಬ ಮಾತನ್ನು ಪಕ್ಕದಲ್ಲೇ ಇಡಿ. ಸೋಂಕೋ ಅಲ್ಲವೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸುವಂತಿಲ್ಲ.

ಮೂಲದಲ್ಲಿ ‘ಅನುಮೋದಿತ’ ಎಂಬ ಅರ್ಥದ ಪದವಿದ್ದರೆ ಯಾವುದಕ್ಕೆ ಅನುಮೋದನೆ ಎಂದು ಬರೆಸಿದವರನ್ನು ಕೇಳಿ. ಮೆದು ಅಂಗಾಂಶಕ್ಕೆ ಬಲ ಕೊಡಲು ಎಂಬ ಸಾಮಾನ್ಯ ಅನುಮತಿ ಬೇರೆ, ಸ್ತನದಲ್ಲಿ ಬಳಸಲು ಅನುಮತಿ ಬೇರೆ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಕ ಸಂಸ್ಥೆ ಎಫ್‌ಡಿಎ 2021ರ ಮಾರ್ಚ್‌ನಲ್ಲಿ ಎಡಿಎಂ ಬಗ್ಗೆ, 2023ರ ನವೆಂಬರ್‌ನಲ್ಲಿ ಜಾಲರಿಯ ಬಗ್ಗೆ ಈ ವ್ಯತ್ಯಾಸವನ್ನು ಎತ್ತಿ ಹೇಳಿತ್ತು. ‘ಅನುಮೋದಿತ ವಸ್ತು’ ಎಂದಷ್ಟೇ ಬರೆದರೆ ಕನ್ನಡದ ಓದುಗರು ಎರಡನೆಯದೆಂದೇ ತಿಳಿಯುತ್ತಾರೆ.