ಗ್ರಾಫಿಕ್ಸ್ ಡ್ರೈವರ್ ಬದಲಾಯಿಸಿದ್ಮೇಲೆ ಲಾಗಿನ್ನೇ ಬರ್ತಿಲ್ಲ, ಸಹಾಯ ಬೇಕು

ಎಲ್ರಿಗೂ ನಮಸ್ಕಾರ, ಲ್ಯಾಪ್‌ಟಾಪಲ್ಲಿ ಲಿನಕ್ಸ್ ಹಾಕಿದಾಗಿಂದ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿನ ಓಪನ್ ಸೋರ್ಸ್ ನೂವೋ ಡ್ರೈವರಲ್ಲೇ ಚೆನ್ನಾಗಿ ನಡೀತಿತ್ತು, 3ಡಿ ಸಾಫ್ಟ್‌ವೇರ್ ಬ್ಲೆಂಡರಲ್ಲಿ ರೆಂಡರ್ ಬೇಗ ಆಗ್ಲಿ ಅಂತ ಮೊನ್ನೆ ಕಂಪನಿಯದ್ದೇ ಪ್ರೊಪ್ರೈಟರಿ ಡ್ರೈವರ್ ಹಾಕ್ದೆ. ರೀಬೂಟ್ ಆಗುವಾಗ ನೀಲಿ ಸ್ಕ್ರೀನಲ್ಲಿ ಎನ್ರೋಲ್ ಮಾಕ್ (ಡ್ರೈವರ್ ಸಹಿಯ ಕೀ ನೋಂದಾಯಿಸೋದು) ಅಂತ ಏನೋ ಬಂತು, ಗೊತ್ತಾಗ್ದೆ ಕಂಟಿನ್ಯೂ ಒತ್ಬಿಟ್ಟೆ. ಅವತ್ತಿಂದ ಕಪ್ಪು ಸ್ಕ್ರೀನಲ್ಲಿ ಎಡಗಡೆ ಮೇಲೆ ಒಂದು ಗೆರೆ ಮಿಣುಕ್ತಾ ಇರುತ್ತೆ ಅಷ್ಟೇ. ಕಂಟ್ರೋಲ್ ಆಲ್ಟ್ ಎಫ್3 ಒತ್ತಿದ್ರೆ ಟರ್ಮಿನಲ್ ಬರುತ್ತೆ, ಅಲ್ಲಿಂದ ಹೊಸ ಡ್ರೈವರ್ ಪೂರ್ತಿ ತೆಗ್ದೆ, ಆದ್ರೂ ಲೋಡ್ ಆಗಿರೋ ಡ್ರೈವರ್‌ಗಳನ್ನ ತೋರ್ಸೋ ಕಮಾಂಡ್ ಎಲ್‌ಎಸ್‌ಮಾಡ್ ಕೊಟ್ರೆ ನೂವೋ ಕಾಣ್ತಿಲ್ಲ, ಹುಡುಕಿದ್ರೆ ಡ್ರೈವರ್ ಸೆಟ್ಟಿಂಗ್ ಇರೋ ಮಾಡ್‌ಪ್ರೋಬ್.ಡಿ ಫೋಲ್ಡರಲ್ಲಿ "ಬ್ಲ್ಯಾಕ್‌ಲಿಸ್ಟ್ ನೂವೋ" ಅನ್ನೋ, ನೂವೋ ಲೋಡ್ ಆಗ್ದಂಗೆ ತಡೆಯೋ ಸಾಲು ಹಾಗೇ ಕೂತಿದೆ. ಅದನ್ನ ಅಳಿಸಿ, ಬೂಟ್ ಶುರುವಲ್ಲಿ ಲೋಡ್ ಆಗೋ ಇನಿಟ್‌ರಾಮ್‌ಎಫ್‌ಎಸ್ ಅಪ್‌ಡೇಟ್ ಮಾಡಿದ್ರೆ ಸಾಕಾ? ಆಮೇಲೆ ಸಹಿ ಇಲ್ದಿರೋ ಡ್ರೈವರ್ ತಡೆಯೋ ಸೆಕ್ಯೂರ್ ಬೂಟ್ ಆಫ್ ಮಾಡ್ದೇನೇ, ಕೀ ಸರಿಯಾಗಿ ಎನ್ರೋಲ್ ಮಾಡ್ಕೊಂಡು, ಬೇಕಾದಾಗ ನೂವೋ ಬೇಕಾದಾಗ ಪ್ರೊಪ್ರೈಟರಿ ಅಂತ ಬದಲಾಯಿಸೋ ದಾರಿ ಗೊತ್ತಿದ್ರೆ ದಯವಿಟ್ಟು ಹೇಳಿ. ಪ್ರಾಜೆಕ್ಟ್ ಫೈಲೆಲ್ಲ ಅದ್ರಲ್ಲೇ ಇದೆ, ಫಾರ್ಮ್ಯಾಟ್ ಮಾಡೋಕೆ ಮನಸ್ಸು ಬರ್ತಿಲ್ಲ.